ಭೂಮಿಯೊಳಗೆ 30 ಕಿ.ಮೀ. ಆಳದಲ್ಲಿ ಪಿ ಅಲೆಯ (ಭೂಕಂಪದಲ್ಲಿ ಮೊದಲು ಬಂದು ತಲುಪುವ ಅಲೆ) ವೇಗ ಸೆಕೆಂಡಿಗೆ 7 ಕಿ.ಮೀ. ಅಂತ ಸಿಕ್ಕಿದೆ. ಯಾವ ಕಲ್ಲಿನಲ್ಲಿ ಎಷ್ಟು ವೇಗ ಅನ್ನುವ ಕೋಷ್ಟಕ ನೋಡಿ ಕಲ್ಲು ಯಾವುದು ಅಂತ ಬರೆಯಬಹುದಾ, ಇಲ್ಲ ಲ್ಯಾಬಿನಲ್ಲಿ ಅಳೆಯಲೇಬೇಕಾ?

ಎರಡೂ ಬೇಡ. ಮೊದಲು ಎಸ್ ಅಲೆಯ (ಪಿಯ ಹಿಂದೆ ನಿಧಾನವಾಗಿ ಬರುವ ಅಲೆ) ವೇಗ ಹುಡುಕಿ. ಅದು ಸಿಗುವವರೆಗೆ ಯಾವ ಕಲ್ಲಿನ ಹೆಸರನ್ನೂ ಬರೆಯಬೇಡಿ.

ಪ್ರಶ್ನೆ ಕೇಳಿದ ನೀವು ಪುಣೆಯಲ್ಲಿ ಎಂ.ಎಸ್ಸಿ., ಕೈಯಲ್ಲಿ ಒಂದೇ ಒಂದು ಪಿ ವೇಗ, ‘ಕಲ್ಲು ಯಾವುದು ಹೇಳು’ ಅಂತ ಬೆನ್ನು ಹತ್ತಿದ ಗೈಡ್. ಗೊತ್ತು ಬಿಡಿ. ನಾನು ಇದೇ ಊರಿನಲ್ಲಿ ಬರೀ ಪಿ ನಂಬಿಕೊಂಡು ಪಿಎಚ್‌.ಡಿ. ಅರ್ಧಕ್ಕೆ ಬಿಟ್ಟವನು.

ನನ್ನ ಕಲ್ಲು ಚಾರ್ನೊಕೈಟ್, ಕ್ರಸ್ಟಿನ (ಭೂಮಿಯ ಹೊರಪದರ) ಆಳದಲ್ಲಿ ಹುಟ್ಟುವಂಥದ್ದು. ಪುಣೆಯಲ್ಲಿ ಎಲ್ಲಿ ನೋಡಿದರೂ ಬಸಾಲ್ಟ್ ತಾನೇ, ಕ್ರಸ್ಟಿನ ಆಳದ ಕಲ್ಲು ಚೀಲಗಟ್ಟಲೆ ಬೇಕಾದರೆ ನಮ್ಮೂರ ಕಡೆಗೇ ಬರಬೇಕು. ಧಾರವಾಡ ಕ್ರೇಟಾನಿನಲ್ಲಿ (ತುಂಬಾ ಹಳೆಯ, ಗಟ್ಟಿ ಭೂಭಾಗ) ಉತ್ತರದಿಂದ ದಕ್ಷಿಣಕ್ಕೆ ಹೋದಂತೆ ಹೆಚ್ಚು ಹೆಚ್ಚು ಆಳದ ಕಲ್ಲು ನೆಲದ ಮೇಲೆ ಕಾಣುತ್ತದೆ. ಕಬ್ಬಾಳದುರ್ಗ, ಬಿಳಿಗಿರಿರಂಗನ ಬೆಟ್ಟದ ಕಡೆ ನೀವು ತುಳಿಯುವ ಬಂಡೆ ಒಂದು ಕಾಲದಲ್ಲಿ ಸುಮಾರು 20 ಕಿ.ಮೀ. ಕೆಳಗೆ, ಕೆಲವು ಕಡೆ ಇನ್ನೂ ಆಳದಲ್ಲಿ ಇದ್ದದ್ದು. ಕನಕಪುರದ ಆಚೆಯ ಎರಡು ಕ್ವಾರಿಗಳಿಂದ ಗೋಣಿಚೀಲದಲ್ಲಿ ಕಲ್ಲು ತುಂಬಿಕೊಂಡು ರಾತ್ರಿ ಬಸ್ಸಿನಲ್ಲಿ ಪುಣೆಯ ಸ್ವಾರ್‌ಗೇಟಿಗೆ ತಂದೆ. ಕಂಡಕ್ಟರ್ ಚೀಲ ಒತ್ತಿ ನೋಡಿ, ‘ಕಲ್ಲಾ?’ ಅಂದು, ನನ್ನ ಮುಖ ನೋಡಿ, ಮಾತಾಡದೆ ಲಗೇಜ್ ಟಿಕೆಟ್ ಹರಿದ.

ಮೊದಲ ಕ್ವಾರಿಯ ಕಲ್ಲನ್ನು ಏಪ್ರಿಲ್‌ನಲ್ಲಿ ಕೊರೆದೆ. ಕೋರ್ (ಉರುಳೆಯಾಕಾರದ ತುಂಡು) ತೆಗೆಯುವಾಗ ಬಿಟ್ ಬಿಸಿಯಾಗದಿರಲಿ ಅಂತ ನೀರು ಬಿಡುತ್ತೇವಲ್ಲ, ಆ ನೀರು ಕಿಟಕಿಯ ಕಟ್ಟೆ ಮೇಲಿನ ಬಿಸಿಲಿಗೆ ತಾನಾಗಿಯೇ ಆರಿತು. ಎರಡನೆಯ ಕ್ವಾರಿಯದ್ದು ಜುಲೈನಲ್ಲಿ. ಬಿಟ್ಟೂಬಿಡದ ಮಳೆ, ಲ್ಯಾಬಿನ ಗೋಡೆಯೇ ಬೆವರುತ್ತಿತ್ತು. ಕೋರ್ ಮುಟ್ಟಿದರೆ ಒಣಗಿದ ಹಾಗೇ ಇತ್ತು, ಅಳೆದುಬಿಟ್ಟೆ. ಏಪ್ರಿಲ್‌ನವು (ಪಿ ವೇಗ) ಸೆಕೆಂಡಿಗೆ 5.6 ಕಿ.ಮೀ., ಜುಲೈನವು 6.1ರ ಆಸುಪಾಸು. ಐದು ಸೆಂಟಿಮೀಟರ್ ಕೋರಿನಲ್ಲಿ ಇದು ಸುಮಾರು ಮುಕ್ಕಾಲು ಮೈಕ್ರೋಸೆಕೆಂಡಿನ ವ್ಯತ್ಯಾಸ, ಆಸಿಲೋಸ್ಕೋಪಿನಲ್ಲಿ ಕಣ್ಣಿಗೆ ಹೊಡೆಯುವಷ್ಟು ಕಾಣುತ್ತದೆ. ಎರಡನೆಯ ಕ್ವಾರಿಯ ಕಲ್ಲಿನಲ್ಲಿ ಕಬ್ಬಿಣ, ಮೆಗ್ನೀಸಿಯಂ ಜಾಸ್ತಿ, ಅದಕ್ಕೇ ವೇಗವೂ ಜಾಸ್ತಿ, ಕೆಳಗಿನ ಕ್ರಸ್ಟ್ ಇಷ್ಟು ಹತ್ತಿರದಲ್ಲೇ ಬದಲಾಗುತ್ತದೆ ಅಂತ ಬರೆದು ಅದರ ಮೇಲೆ ಒಂದು ಅಧ್ಯಾಯವನ್ನೇ ಕಟ್ಟಿದೆ.

ಎರಡೂ ಒಂದೇ ಕಲ್ಲು. ಜುಲೈ ಕೋರ್‌ಗಳ ಒಳಗೆ ನೀರಿತ್ತು, ಅಷ್ಟೇ.

ಇದನ್ನು ಬಿಡಿಸಿ ಹೇಳುತ್ತೇನೆ, ಬೇಜಾರಾದರೂ ಓದಿ. ಆಳದಿಂದ ಮೇಲೆ ಬಂದ ಕಲ್ಲಿನ ಮೇಲಿದ್ದ ಭಾರ ಹೋಗಿರುತ್ತದೆ. ಕ್ವಾರಿಯಲ್ಲಿ ಸಿಡಿಮದ್ದು ಬೇರೆ ಇಟ್ಟಿರುತ್ತಾರೆ. ಹಾಗಾಗಿ ಹರಳುಗಳ ನಡುವೆ ಕಣ್ಣಿಗೆ ಕಾಣದ ಬಿರುಕುಗಳು. ಪಿ ಅಲೆ ಕಲ್ಲನ್ನು ಅಮುಕುತ್ತ, ಬಿಡುತ್ತ ಮುಂದೆ ಹೋಗುತ್ತದೆ. ಬಿರುಕಿನಲ್ಲಿ ಬರೀ ಗಾಳಿ ಇದ್ದರೆ ಕಲ್ಲು ಸುಲಭವಾಗಿ ಅಮುಕಿಕೊಳ್ಳುತ್ತದೆ, ಅಲೆ ನಿಧಾನವಾಗುತ್ತದೆ. ಅಲ್ಲಿ ನೀರು ತುಂಬಿತು ಅನ್ನಿ, ನೀರು ಅಷ್ಟು ಸುಲಭಕ್ಕೆ ಅಮುಕಿಸಿಕೊಳ್ಳುವುದಿಲ್ಲ, ವೇಗ ಏರುತ್ತದೆ. ಎಸ್ ಅಲೆ ಅಡ್ಡಡ್ಡ ಅಲುಗಿಸುವಂಥದ್ದು. ಆ ಅಡ್ಡ ಎಳೆತವನ್ನು ತಡೆಯುವ ಬಿಗಿ ನೀರಿಗೂ ಇಲ್ಲ, ಗಾಳಿಗೂ ಇಲ್ಲ. ಬಿರುಕಿನಲ್ಲಿ ಏನೇ ಇರಲಿ, ಎಸ್ ವೇಗ ಹೆಚ್ಚುಕಮ್ಮಿ ಅಷ್ಟೇ ಇರುತ್ತದೆ. ಅಂದರೆ ನಾನು ಎಸ್ ಅಳೆದಿದ್ದರೆ ಎರಡೂ ಕ್ವಾರಿಗೆ ಒಂದೇ ಎಸ್ ಬಂದು ಪಿ ಮಾತ್ರ ಏರಿದ್ದು ಅವತ್ತೇ ಕಾಣುತ್ತಿತ್ತು. ಕಲ್ಲೇ ಬೇರೆಯಾಗಿದ್ದರೆ ಎಸ್ ಕೂಡ ಜಾಗ ಬಿಟ್ಟು ಕದಲಬೇಕಿತ್ತಲ್ವಾ?

ಅಳೆಯದೆ ಬಿಟ್ಟದ್ದಕ್ಕೆ ಸೋಮಾರಿತನ ಬಿಟ್ಟರೆ ಬೇರೆ ಕಾರಣ ಇಲ್ಲ. ಎಸ್ ಹಿಡಿಯುವುದು ರಗಳೆ ಕೆಲಸ. ಪಿಯ ಬಾಲದೊಳಗೇ ಸಿಕ್ಕಿಕೊಂಡು ಬರುತ್ತದೆ, ಎಲ್ಲಿ ಶುರುವಾಯಿತು ಅಂತ ತಿಳಿಯುವುದೇ ಕಷ್ಟ. ಟ್ರಾನ್ಸ್‌ಡ್ಯೂಸರ್ (ಅಲೆ ಕಳಿಸುವ, ಹಿಡಿಯುವ ಸಾಧನ) ಮತ್ತು ಕಲ್ಲಿನ ನಡುವೆ ಪಿಗೆ ಗ್ರೀಸ್ ಸಾಕು, ಎಸ್‌ಗೆ ಜೇನುತುಪ್ಪದಂಥ ಮಂದ ಅಂಟು ಬೇಕು. ನಮ್ಮ ಲ್ಯಾಬಿನ ಡ್ರಾಯರಿನಲ್ಲಿ ನಿಜವಾಗಲೂ ಒಂದು ಜೇನಿನ ಬಾಟಲಿ ಇತ್ತು, ಮುಚ್ಚಳದ ಸುತ್ತ ಸದಾ ಇರುವೆ. ಹಚ್ಚಬೇಕು, ಕಾಯಬೇಕು, ಆಮೇಲೆ ತೊಳೆಯಬೇಕು. ಲ್ಯಾಬ್ ನೋಡಿಕೊಳ್ಳುತ್ತಿದ್ದ ಕಾಕಾ ‘ಮಧ ಲಾವ್ ರೇ ಬಾಳಾ’ (ಜೇನು ಹಚ್ಚೋ ಮಗಾ) ಅಂತ ಬಾಟಲಿ ತಂದು ಮುಂದೆ ಇಡುತ್ತಿದ್ದರು. ನಾನು ‘ಉದ್ಯಾ, ಕಾಕಾ’ (ನಾಳೆ, ಕಾಕಾ) ಅನ್ನುತ್ತಿದ್ದೆ.

ಅಧ್ಯಾಯ ಓದಿದ ಹೊರಗಿನ ಪರೀಕ್ಷಕರು ಪಕ್ಕದಲ್ಲಿ ಒಂದೇ ಸಾಲು ಬರೆದರು: ಎಸ್ ವೇಗ ಎಲ್ಲಿ? ಕೋರ್‌ಗಳನ್ನು ಓವನ್‌ನಲ್ಲಿ ಹದವಾಗಿ ಒಣಗಿಸಿ (ಜೋರು ಬಿಸಿ ಕೊಟ್ಟರೆ ಹೊಸ ಬಿರುಕು ಬೀಳುತ್ತದೆ, ಹುಷಾರು) ಮತ್ತೆ ಅಳೆದೆ. ವ್ಯತ್ಯಾಸ ಮಾಯ. ಅಷ್ಟರಲ್ಲಿ ಫೆಲೋಶಿಪ್ ಮುಗಿದಿತ್ತು, ಮುಂದುವರಿಸಲಿಲ್ಲ. ಈಗ ಪಿಂಪ್ರಿ-ಚಿಂಚ್‌ವಡ ಕಡೆ ಕಾಂಕ್ರೀಟ್ ಕಂಬಗಳಿಗೆ ಇದೇ ಅಲ್ಟ್ರಾಸಾನಿಕ್ ಪರೀಕ್ಷೆ ಮಾಡುತ್ತೇನೆ. ಕಾಂಕ್ರೀಟ್ ಕೂಡ ಒದ್ದೆಯಾಗಿದ್ದರೆ ವೇಗ ಜಾಸ್ತಿ ತೋರಿಸುತ್ತದೆ. ವೇಗ ಜಾಸ್ತಿ ಇದ್ದರೆ ಕಾಂಕ್ರೀಟ್ ಚೆನ್ನಾಗಿದೆ ಅಂತ ಲೆಕ್ಕ, ಹಾಗಾಗಿ ಮಳೆಗಾಲದಲ್ಲಿ ಕಂಟ್ರಾಕ್ಟರುಗಳಿಗೆ ಖುಷಿಯೋ ಖುಷಿ.

ಈಗ ನಿಮ್ಮ 7. ಗ್ಯಾಬ್ರೊ ಆಗಬಹುದು, ಮ್ಯಾಫಿಕ್ (ಕಬ್ಬಿಣ, ಮೆಗ್ನೀಸಿಯಂ ಜಾಸ್ತಿ ಇರುವ) ಗ್ರ್ಯಾನ್ಯುಲೈಟ್ ಆಗಬಹುದು, ಆಂಫಿಬೊಲೈಟ್, ಅನಾರ್ಥೊಸೈಟ್ ಕೂಡ ಅಲ್ಲೇ ಬಂದು ಕೂರುತ್ತವೆ. ಕ್ರಸ್ಟಿನ ಕೆಳಗಿನ ಪದರವಾದ ಮ್ಯಾಂಟಲಿನ ಪೆರಿಡೊಟೈಟ್ ತಾಜಾ ಇದ್ದರೆ 8ಕ್ಕೂ ಮೇಲೆ, ಆದರೆ ನೀರು ಸೇರಿ ಮೂರನೇ ಒಂದು ಪಾಲು ಸರ್ಪೆಂಟೈನ್ ಅನ್ನುವ ಖನಿಜ ಆದರೆ ಅದೂ 7ರ ಹತ್ತಿರ ಇಳಿಯುತ್ತದೆ. ನಮ್ಮ ಕಡೆ 30 ಕಿ.ಮೀ.ಯಲ್ಲಿ ಅಂಥದ್ದು ಇರುವುದು ಅನುಮಾನ, ಆದರೆ ಅದು ನಿಮಗೆ ಗೊತ್ತು, ಕೋಷ್ಟಕಕ್ಕೆ ಗೊತ್ತಿಲ್ಲ. ಪಿಯನ್ನು ಎಸ್‌ನಿಂದ ಭಾಗಿಸಿ ನೋಡಿ. ಗ್ರಾನೈಟ್ ಜಾತಿಗೆ ಸುಮಾರು 1.7, ಮ್ಯಾಫಿಕ್ ಕಲ್ಲಿಗೆ 1.8ರ ಆಚೀಚೆ, ಪೂರ್ತಿ ಸರ್ಪೆಂಟೈನ್ ಆದದ್ದಕ್ಕೆ 2 ಕೂಡ ದಾಟಬಹುದು. ಕ್ವಾರ್ಟ್ಸ್ ಜಾಸ್ತಿ ಇದ್ದಷ್ಟೂ ಈ ಅನುಪಾತ ಕೆಳಗೆ. ಇಷ್ಟಾದರೂ ಪಟ್ಟಿ ಒಂದೇ ಹೆಸರಿಗೆ ಇಳಿಯುವುದಿಲ್ಲ, ಕೆಲವು ಹೆಸರು ಪಟ್ಟಿಯಿಂದ ಹೋಗುತ್ತವೆ. ಅದಕ್ಕೇ ‘ಯಾವ ಕಲ್ಲು’ ಅನ್ನೋ ಪ್ರಶ್ನೆಯೇ ತಪ್ಪು ಅಂತ ನನ್ನ ವಾದ. ಯಾವ ಕಲ್ಲು ಅಲ್ಲ ಅಂತ ಹೇಳಿ, ಸಾಕು.

ಲ್ಯಾಬಿಗೆ ಹೋಗುವ ಮಾತು. ಒತ್ತಡ ಕೊಡುವ ಯಂತ್ರ ಇಲ್ಲದ ಲ್ಯಾಬಿಗೆ ಸುಮ್ನೆ ಅಲೆಯಬೇಡಿ. 30 ಕಿ.ಮೀ. ಆಳದಲ್ಲಿ ಸುಮಾರು 8 ಕಿಲೋಬಾರ್ ಒತ್ತಡ ಇರುತ್ತದೆ. ಬಿರುಕುಗಳಲ್ಲಿ ಹೆಚ್ಚಿನವು 2 ಕಿಲೋಬಾರ್ ಬರುವಷ್ಟರಲ್ಲೇ ಮುಚ್ಚಿಕೊಳ್ಳುತ್ತವೆ. ಮೇಜಿನ ಮೇಲೆ ಅಳೆದರೆ ಸಿಗುವುದು ಬಿರುಕಿನ ಲೆಕ್ಕ. ಭೂಭೌತ ವಿಜ್ಞಾನಿ ಫ್ರಾನ್ಸಿಸ್ ಬರ್ಚ್ 1960ರಲ್ಲೇ 10 ಕಿಲೋಬಾರ್‌ವರೆಗಿನ ಅಳತೆ ಕೊಟ್ಟಿದ್ದಾರೆ. ಕ್ರಿಸ್ಟೆನ್ಸೆನ್ ಮತ್ತು ಮೂನಿ 1995ರಲ್ಲಿ ಆಳದ ಒತ್ತಡದ ಜೊತೆ ಬಿಸಿಯನ್ನೂ ಲೆಕ್ಕಕ್ಕೆ ಹಿಡಿದು ಸರಾಸರಿ ಕೊಟ್ಟಿದ್ದಾರೆ, ಯಾಕೆಂದರೆ ಬಿಸಿ ಏರಿದಂತೆ ವೇಗ ಇಳಿಯುತ್ತದೆ. ಕೋಷ್ಟಕ ಬಳಸುವುದಾದರೆ ನಿಮ್ಮ ಆಳಕ್ಕೆ ಸರಿಹೊಂದುವ ಸಾಲನ್ನೇ ಬಳಸಿ. ಮೊದಲ ಸಾಲು ನೋಡಿ ಮುಚ್ಚಿಡುವವರು ತುಂಬಾ ಜನ ಇದ್ದಾರೆ.

  

ಆಳದ ಕಲ್ಲನ್ನು ಕಣ್ಣಾರೆ ನೋಡುವ ಆಸೆ ಇದ್ದರೆ ಕರ್ನಾಟಕದವರೆಗೂ ಹೋಗಬೇಕಿಲ್ಲ. ಮುಂಬೈಯ ದಕ್ಷಿಣಕ್ಕೆ ಮುರುಡ್-ಜಂಜೀರಾ ಕಡೆ ಲ್ಯಾಂಪ್ರೊಫೈರ್ ಡೈಕ್‌ಗಳಿವೆ. ಅಂದರೆ ಕರಗಿದ ಕಲ್ಲು ಬಿರುಕಿಗೆ ನುಗ್ಗಿ ಗೋಡೆಯ ಹಾಗೆ ಗಟ್ಟಿಯಾದವು. ಕೆಳಗಿನಿಂದ ನುಗ್ಗುವಾಗ ಅವು ಕೆಳಗಿನ ಕ್ರಸ್ಟಿನ ತುಣುಕುಗಳನ್ನು ಕಿತ್ತು ತಂದಿವೆ. ಒಂದು ತೆಳು ಪಟ್ಟಿ ಕತ್ತರಿಸಿ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಕೋಷ್ಟಕ ಕೊಡದ ಸಾಕ್ಷಿ ಸಿಗುತ್ತದೆ.

ಎಸ್ ಎಲ್ಲಿಂದ ತರೋದು ಅಂತೀರಾ? ನಿಮ್ಮ ಪ್ರೊಫೈಲ್ (ಅಲೆ ಅಳೆದ ಸಾಲು) ಹತ್ತಿರ ಭೂಕಂಪ ದಾಖಲಿಸುವ ಬ್ರಾಡ್‌ಬ್ಯಾಂಡ್ ಸ್ಟೇಷನ್ ಇದೆಯಾ ನೋಡಿ. ಕೊಯ್ನಾ ಕಡೆಯದಾದರೆ ಖಂಡಿತ ಇರುತ್ತದೆ, 1967ರ ಭೂಕಂಪದ ನಂತರ ಅಷ್ಟು ಅಳೆದ ಜಾಗ ನಮ್ಮಲ್ಲಿ ಕಡಿಮೆ. ದೂರದ ಭೂಕಂಪಗಳ ದಾಖಲೆಯಿಂದ ರಿಸೀವರ್ ಫಂಕ್ಷನ್ (ಕ್ರಸ್ಟಿನ ತಳದಲ್ಲಿ ಪಿಯಿಂದ ಎಸ್ ಆಗುವ ಅಲೆಯನ್ನು ಹೆಕ್ಕುವ ವಿಧಾನ) ಮಾಡಿದರೆ ಕ್ರಸ್ಟಿನ ದಪ್ಪದ ಜೊತೆಗೆ ಪಿ-ಎಸ್ ಅನುಪಾತವೂ ಬರುತ್ತದೆ. ಅದು ಇಡೀ ಕ್ರಸ್ಟಿನ ಸರಾಸರಿ, ನಿಮ್ಮ 30 ಕಿ.ಮೀ. ಪದರದ್ದಲ್ಲ ಅನ್ನೋದನ್ನು ವೈವಾದಲ್ಲಿ ಅವರು ಕೇಳುವ ಮುಂಚೆ ನೀವೇ ಹೇಳಿಬಿಡಿ. ಸ್ಟೇಷನ್ ಯಾವುದು ಅಂತ ಕಮೆಂಟಿನಲ್ಲಿ ಹಾಕಿ, ನೋಡೋಣ.