ಗರಿ ಕಾಣದಿದ್ದರೆ ಗುಂಡಿ ಎಣಿಸಿ

ಬಕಿಂಗ್‌ಹ್ಯಾಮ್ ಅರಮನೆ ಮುಂದೆ ತೆಗೆದ ಎರಡು ಫೋಟೋ ಹಾಕಿ, ಒಬ್ಬ ಕಾವಲು ಸೈನಿಕನ ಕರಡಿ ತುಪ್ಪಳದ ಟೋಪಿಗೆ ಕೆಂಪು ಗರಿ ಇದೆ, ಇನ್ನೊಬ್ಬನದಕ್ಕೆ ಇಲ್ಲ, ಬಿದ್ದುಹೋಗಿದೆಯಾ ಎಂದು ಕೇಳಿದ್ದೀರಿ. ಬಿದ್ದಿಲ್ಲ. ಅರಮನೆ ಕಾಯುವ ಪದಾತಿ ದಳಗಳು ಐದು: ಗ್ರೆನೇಡಿಯರ್, ಕೋಲ್ಡ್‌ಸ್ಟ್ರೀಮ್, ಸ್ಕಾಟ್ಸ್, ಐರಿಶ್, ವೆಲ್ಶ್. ಕೆಂಪು ಗರಿಯವನು ಕೋಲ್ಡ್‌ಸ್ಟ್ರೀಮ್ ಗಾರ್ಡ್ಸ್. ಇನ್ನೊಬ್ಬ ಸ್ಕಾಟ್ಸ್ ಗಾರ್ಡ್ಸ್ ಇರಬೇಕು, ಅವರಿಗೆ ಗರಿಯೇ ಇಲ್ಲ.

ಆದರೆ ಗರಿಯೊಂದನ್ನೇ ನಂಬಬೇಡಿ. ಅದು ಟೋಪಿಯ ಒಂದು ಬದಿಗೆ ಮಾತ್ರ ಇರುತ್ತದೆ. ಎಡ, ಬಲ ಅನ್ನುವುದು ಟೋಪಿ ಹಾಕಿದವನ ಲೆಕ್ಕ, ನೋಡುವವರದ್ದಲ್ಲ. ಇಲ್ಲೇ ಎಲ್ಲರೂ ತಪ್ಪುವುದು. ಗ್ರೆನೇಡಿಯರ್‌ಗೆ ಎಡಕ್ಕೆ ಬಿಳಿ, ಕೋಲ್ಡ್‌ಸ್ಟ್ರೀಮ್‌ಗೆ ಬಲಕ್ಕೆ ಕೆಂಪು, ಐರಿಶ್‌ಗೆ ಬಲಕ್ಕೆ ನೀಲಿ, ವೆಲ್ಶ್‌ಗೆ ಎಡಕ್ಕೆ ಬಿಳಿ-ಹಸಿರು-ಬಿಳಿ. ಆ ಬದಿ ಫೋಟೋದಲ್ಲಿ ಬರದಿದ್ದರೆ ಗರಿ ಇಲ್ಲವೆಂದೇ ಅನಿಸುತ್ತದೆ.

ಅದಕ್ಕೇ ಫೋಟೋ ದೊಡ್ಡದು ಮಾಡಿ ಎದೆಯ ಗುಂಡಿಗಳನ್ನು ನೋಡಿ. ಒಂದೊಂದೇ ಸಮದೂರದಲ್ಲಿದ್ದರೆ ಗ್ರೆನೇಡಿಯರ್, ಜೋಡಿಯಾಗಿದ್ದರೆ ಕೋಲ್ಡ್‌ಸ್ಟ್ರೀಮ್, ಮೂರರ ಗುಂಪಿದ್ದರೆ ಸ್ಕಾಟ್ಸ್, ನಾಲ್ಕು ಐರಿಶ್, ಐದು ವೆಲ್ಶ್. ಚಳಿಗಾಲದ ಬೂದು ಕೋಟಿನಲ್ಲೂ ಇದೇ ಲೆಕ್ಕ. ನಿಮ್ಮ ಎರಡನೆಯ ಫೋಟೋದಲ್ಲಿ ಮೂರು ಗುಂಡಿ ಒತ್ತಾಗಿ, ಆಮೇಲೆ ಖಾಲಿ ಜಾಗ, ಮತ್ತೆ ಮೂರು ಕಂಡರೆ ಅನುಮಾನವೇ ಬೇಡ. ಕಾಲರ್ ಸ್ಪಷ್ಟವಾಗಿದ್ದರೆ ಅದನ್ನೂ ನೋಡಿ: ಸ್ಕಾಟ್ಸ್‌ಗೆ ಥಿಸಲ್ ಹೂ, ಐರಿಶ್‌ಗೆ ಶ್ಯಾಮ್ರಾಕ್ ಎಲೆ, ವೆಲ್ಶ್‌ಗೆ ಲೀಕ್ ಗಿಡ.

ಇನ್ನೊಂದು ಮಾತು, ಈ ಟೋಪಿಯನ್ನು ಬಸ್ಬಿ ಅನ್ನಬೇಡಿ. ಬಸ್ಬಿ ಬೇರೆಯೇ ತುಪ್ಪಳದ ಟೋಪಿ, ಗಿಡ್ಡ, ಪಕ್ಕದಲ್ಲಿ ಬಣ್ಣದ ಬಟ್ಟೆಯ ಚೀಲ ಇಳಿಬಿದ್ದಿರುತ್ತದೆ. ಕಿಂಗ್ಸ್ ಟ್ರೂಪ್ ಫಿರಂಗಿದಳದವರು ಹಾಕುವುದು ಅದು. ಇದು ಬೇರ್‌ಸ್ಕಿನ್, ಸುಮಾರು 18 ಇಂಚು ಎತ್ತರ. ವಾಟರ್‌ಲೂ ಯುದ್ಧದ ನಂತರ, 1815ರಲ್ಲಿ, ಮೊದಲು ಗ್ರೆನೇಡಿಯರ್‌ಗಳಿಗೆ ಸಿಕ್ಕಿದ ಗೌರವ.