ಬೆಳಗಿನ ಬಿಸಿಲು ಸಾಕು ಅಂತ ನಾನೂ ನಂಬಿದ್ದೆ

ಕರುಳಿನ ಉರಿಯೂತದ ಕಾಯಿಲೆ ಕ್ರೋನ್ಸ್‌ಗೆ ನಾಲ್ಕು ತಿಂಗಳಿಂದ ಸ್ಟೀರಾಯ್ಡ್ ನಡೆಯುತ್ತಿದೆ, ವಿಟಮಿನ್ ಡಿ ಪುಡಿಯ ಬದಲು ಬೆಳಗಿನ ಬಿಸಿಲಲ್ಲಿ ಕೂತರೆ ಸಾಲದಾ ಅಂತ ಕೇಳಿದ್ದೀರಿ. ಸಾಲದು. ಈ ತಪ್ಪು ನಾನು ಮಾಡಿದ್ದೇನೆ.

ಮೂಡಿಗೆರೆ ಹತ್ತಿರ ಒಂದು ಕಾಫಿ ತೋಟದಲ್ಲಿ ನಾನು ರೈಟರ್, ಅಂದರೆ ಲೆಕ್ಕ, ಹಾಜರಿ ಬರೆಯುವವನು. 33ನೇ ವಯಸ್ಸಿಗೆ ಸಣ್ಣ ಕರುಳಿನ ಕೊನೆ ಭಾಗದಲ್ಲಿ ಕ್ರೋನ್ಸ್ ಅಂತ ಗೊತ್ತಾಯಿತು. ಪ್ರೆಡ್ನಿಸೋಲೋನ್ ಅನ್ನುವ ಸ್ಟೀರಾಯ್ಡ್ ದಿನಕ್ಕೆ 40 ಮಿಲಿಗ್ರಾಂನಿಂದ ಶುರು, ಆಮೇಲೆ ವಾರವಾರ ಇಳಿಸುವುದು. ಎರಡು ವರ್ಷದಲ್ಲಿ ಕಾಯಿಲೆ ಮೂರು ಸಲ ಕೆರಳಿತು, ಮೂರು ಸಲವೂ ಅದೇ ಮಾತ್ರೆ.

ಚೀಟಿಯಲ್ಲಿ ಮೂರು ಸಾಲು ಇತ್ತು. ಮೊದಲು ಸ್ಟೀರಾಯ್ಡ್, ಅದರ ಕೆಳಗೆ ಕ್ಯಾಲ್ಸಿಯಂ, ಕೊನೆಗೆ ವಾರಕ್ಕೊಂದು 60,000 ಯೂನಿಟ್‌ನ ವಿಟಮಿನ್ ಡಿ ಪುಡಿ. ಮೆಡಿಕಲ್ ಶಾಪಿನಲ್ಲಿ "ಮೇಲಿನದು ಮಾತ್ರ ಕೊಡಿ" ಅಂದೆ. ದುಡ್ಡಿಗೆ ತೊಂದರೆ ಇತ್ತು ಅಂತಲ್ಲ. ಸ್ಟೀರಾಯ್ಡ್ ನುಂಗಿದ ಕೆಲವೇ ದಿನಕ್ಕೆ ಹೊಟ್ಟೆ ನೋವು ನಿಂತಿತ್ತು, ರಾತ್ರಿ ಏಳುವುದು ತಪ್ಪಿತ್ತು. ಹಾಗಾಗಿ ನನ್ನ ಲೆಕ್ಕದಲ್ಲಿ ಅದು ಔಷಧಿ. ಉಳಿದೆರಡು ಶಕ್ತಿಗೆ ಕೊಡುವ ಟಾನಿಕ್ ಥರ, ವಯಸ್ಸಾದವರಿಗೆ ಬೇಕಾಗಿದ್ದು. ದಿನವಿಡೀ ತೋಟದಲ್ಲಿ ಇರುವವನಿಗೆ ವಿಟಮಿನ್ ಡಿ ಯಾಕೆ? ಎರಡನೇ ಸಲವೂ ಹೀಗೇ ಮಾಡಿದೆ. ಮೂರನೇ ಸಲವೂ. ಒಂದು ಸಲ ಡಾಕ್ಟರ್ "ಎಲ್ಲಾ ತಗೊಳ್ತಿದ್ದೀರಲ್ವಾ?" ಅಂತ ಕೇಳಿದರು. ಹೂಂ ಅಂದುಬಿಟ್ಟೆ.

ತೋಟ ಅಂದರೆ ಎಂಥ ಬಿಸಿಲು? ತಲೆ ಮೇಲೆ ಸಿಲ್ವರ್ ಓಕ್, ಹಲಸು. ಕಾಫಿಗೆ ನೆರಳು ಬೇಕು, ನಾನಿದ್ದದ್ದೂ ಅದೇ ನೆರಳಲ್ಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ಮೋಡ, ಮೈತುಂಬಾ ಜರ್ಕಿನ್. ಚರ್ಮದಲ್ಲಿ ವಿಟಮಿನ್ ಡಿ ತಯಾರಾಗುವುದು ಬಿಸಿಲು ನೆತ್ತಿಗೆ ಬರುವ ಹೊತ್ತಲ್ಲಿ. ಬೆಳಗ್ಗೆ ಏಳರ ಎಳೆ ಬಿಸಿಲಲ್ಲಿ ಆ ಕಿರಣ ತೀರಾ ಕಮ್ಮಿ.

ಒಂದು ಡಿಸೆಂಬರ್, ಕೊಯ್ಲಿನ ಸಮಯ. ಬಚ್ಚಲುಮನೆಯಲ್ಲಿ ಹಂಡೆಯಿಂದ ಬಿಸಿನೀರು ತೋಡಿ ಬಕೆಟ್ ಎತ್ತಿದೆ. ಮುಕ್ಕಾಲು ಬಕೆಟ್ ಅಷ್ಟೇ. ಸೊಂಟದ ಮೇಲೆ ಚಟ್ ಅಂತು. ಬಕೆಟ್ ಕೈಜಾರಿತು, ಗೋಡೆ ಹಿಡಿದು ಹಾಗೇ ಕುಸಿದು ಕೂತೆ. ನೀರೆಲ್ಲಾ ಕಾಲ ಮೇಲೆ ಹರಿಯುತ್ತಿದ್ದರೂ ಏಳಲಿಕ್ಕೆ ಆಗಲಿಲ್ಲ. ಅಮ್ಮ ಹೊರಗಿಂದ "ಏನಾಯ್ತೋ ಮಗಾ" ಅಂತ ಬಾಗಿಲು ಬಡಿಯುತ್ತಿದ್ದರು. ಉಸಿರು ತೆಗೆದರೂ ನೋವು, ಉತ್ತರ ಕೊಡಲಾಗಲಿಲ್ಲ.

ಎಕ್ಸ್‌ರೇಯಲ್ಲಿ ಬೆನ್ನೆಲುಬಿನ ಒಂದು ಮೂಳೆ ಮುಂಭಾಗದಲ್ಲಿ ಕುಸಿದಿತ್ತು. ರಕ್ತದಲ್ಲಿ ವಿಟಮಿನ್ ಡಿ ಮಿಲಿಲೀಟರಿಗೆ 9 ನ್ಯಾನೋಗ್ರಾಂ. ಅದು 20ಕ್ಕಿಂತ ಕೆಳಗಿದ್ದರೇ ಕೊರತೆ. ಮೂಳೆ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್‌ನಲ್ಲಿ ಝಡ್ ಸ್ಕೋರ್ ಮೈನಸ್ 2.6. ಮೈನಸ್ 2 ಅಥವಾ ಅದಕ್ಕಿಂತ ಕೆಳಗೆ ಬಂದರೆ ವಯಸ್ಸಿಗೆ ಇರಬೇಕಾದಷ್ಟು ಮೂಳೆ ಇಲ್ಲ ಅಂತ.

ಆಮೇಲೆ ತಿಳಿದದ್ದು ಇಷ್ಟು. ಸ್ಟೀರಾಯ್ಡ್ ಹೊಸ ಮೂಳೆ ಕಟ್ಟುವುದನ್ನು ತಡೆಯುತ್ತದೆ, ಕ್ಯಾಲ್ಸಿಯಂ ಹೀರುವುದನ್ನೂ ಕಮ್ಮಿ ಮಾಡುತ್ತದೆ. ಮೂಳೆ ಜೋರಾಗಿ ಸವೆಯುವುದು ಮೊದಲ ಮೂರರಿಂದ ಆರು ತಿಂಗಳಲ್ಲೇ, ಅಂದರೆ ನೀವು ಈಗ ಇರುವ ಹಂತದಲ್ಲಿ. ಕರುಳಿನ ಉರಿಯೂತ ತಾನಾಗಿಯೇ ಮೂಳೆ ತಿನ್ನುತ್ತದೆ, ಸ್ಟೀರಾಯ್ಡ್ ಇಲ್ಲದಿದ್ದರೂ. ಸಣ್ಣ ಕರುಳು ಕೆಟ್ಟಿದ್ದರೆ ಕೊಬ್ಬಿನಲ್ಲಿ ಕರಗುವ ವಿಟಮಿನ್ ಡಿ ಒಳಗೆ ಸೇರುವುದೂ ಕಷ್ಟ.

ಹಾಗಾಗಿ ಬಿಸಿಲಾ ಪುಡಿಯಾ ಅನ್ನುವ ಪ್ರಶ್ನೆಯನ್ನೇ ಬಿಡಿ. ಡಾಕ್ಟರನ್ನು ಕೇಳಬೇಕಾದ್ದು ಬೇರೆ: ಸ್ಟೀರಾಯ್ಡ್ ಇನ್ನೆಷ್ಟು ದಿನ? ಅದನ್ನು ಬಿಡಿಸುವ ಬೇರೆ ಔಷಧಿ ಯಾವಾಗ? ಡೆಕ್ಸಾ ಮಾಡಿಸಬೇಕಾ? ಹೆದರಿ ಸ್ಟೀರಾಯ್ಡನ್ನು ಒಮ್ಮೆಲೇ ನಿಲ್ಲಿಸಬೇಡಿ, ಅದು ಅಪಾಯ. ಪುಡಿಯನ್ನು ಹೇಳಿದಷ್ಟೇ ತಗೊಳ್ಳಿ. ವಾರದ್ದನ್ನು ದಿನಾ ತಗೊಂಡರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಕಿಡ್ನಿಗೆ ಪೆಟ್ಟು. ಹಾಲು ಆಗದಿದ್ದರೆ ಮೊಸರು. ಕಾಯಿಲೆ ಕೆರಳಿದಾಗ ಮುದ್ದೆ ಬೇಡ, ಸೋಸಿದ ರಾಗಿ ಗಂಜಿ ನನಗೆ ಹಿಡಿಸಿತು.

ಈಗ ನನಗೆ ತಿಂಗಳಿಗೊಂದು ಪುಡಿ. ಭಾನುವಾರ ಊಟವಾದ ಮೇಲೆ ಕೆನೆಹಾಲಿಗೆ ಕಲಕಿ ಕುಡಿಯುತ್ತೇನೆ. ಬಕೆಟ್ ಮಾತ್ರ ಇವತ್ತಿಗೂ ಅಮ್ಮ ಅರ್ಧಕ್ಕಿಂತ ಜಾಸ್ತಿ ತುಂಬಲು ಬಿಡುವುದಿಲ್ಲ. ನಿಮ್ಮ ಚೀಟಿಯಲ್ಲಿ ಬಿಟ್ಟ ಸಾಲು ಇದ್ದರೆ ನಾಳೆಯೇ ಹೋಗಿ ತನ್ನಿ, ಇಷ್ಟು ದಿನ ತಗೊಂಡಿಲ್ಲ ಅಂತ ಡಾಕ್ಟರಿಗೆ ನಿಜ ಹೇಳಿ.