ಬಾಗಲಕೋಟಿ ಕಾಲೇಜಿಗೆ ಯಾವ ಸಾಕ್ಷ್ಯಚಿತ್ರ?

ಸರ್, ನಿಮ್ಮ ಬಾಗಲಕೋಟಿ ಕಾಲೇಜಿನ ಹುಡುಗರಿಗೆ ತೋರಿಸಾಕ ವಿಕಲಚೇತನರ ಬದುಕಿನ ಸಾಕ್ಷ್ಯಚಿತ್ರ ಬೇಕು, ಆದರೆ ‘ಅಯ್ಯೋ ಪಾಪ’ ಅನ್ನಿಸಬಾರದು ಅಂತ ಕೇಳೀರಿ. ಎರಡನೇ ಮಾತಿಲ್ಲ, 2020ರ ‘ಕ್ರಿಪ್ ಕ್ಯಾಂಪ್’ ಹಾಕ್ರಿ. ಇಬ್ಬರು ನಿರ್ದೇಶಕರಲ್ಲಿ ಜೇಮ್ಸ್ ಲೆಬ್ರೆಕ್ಟ್ ಸ್ವತಃ ಗಾಲಿಕುರ್ಚಿ ಬಳಸುವವರು, ಚಿತ್ರದಾಗಿನ, ಅಮೆರಿಕದ ವಿಕಲಚೇತನ ಹುಡುಗ-ಹುಡುಗಿಯರ ಬೇಸಿಗೆ ಶಿಬಿರಕ್ಕೆ ಹೋಗಿದ್ದವರು. 1977ರಲ್ಲಿ ಆ ಶಿಬಿರದ ಕೆಲವರೂ ಸೇರಿ ವಿಕಲಚೇತನರು ತಮ್ಮ ಹಕ್ಕಿಗಾಗಿ ಸ್ಯಾನ್ ಫ್ರಾನ್ಸಿಸ್ಕೋದ ಸರ್ಕಾರಿ ಕಟ್ಟಡದೊಳಗೆ ಮೂರು ವಾರಕ್ಕೂ ಹೆಚ್ಚು ಧರಣಿ ಕೂತಾಗ ಅಧಿಕಾರಿಗಳು ಫೋನ್ ಕಡಿದುಹಾಕಿದರು. ಕಿವುಡ ಹೋರಾಟಗಾರರು ಕಿಟಕಿಯಲ್ಲಿ ನಿಂತು ಕೈಸನ್ನೆಯಿಂದಲೇ ಹೊರಗಿನವರಿಗೆ ಸುದ್ದಿ ಮುಟ್ಟಿಸಿದರು. ಆ ಭಾಗ ಬಂದಾಗ ಹುಡುಗರ ಮುಖ ನೋಡ್ರಿ!

ಇಂಗ್ಲಿಷ್ ಚಿತ್ರ ಅದು, ನಡುನಡುವೆ ನಿಲ್ಲಿಸಿ ಕನ್ನಡದಾಗ ಹೇಳ್ರಿ. ಕಣ್ಣು ಕಾಣದ ವಿದ್ಯಾರ್ಥಿಗಳಿದ್ದರೆ ತೆರೆ ಮೇಲೆ ಏನು ನಡೀತಿದೆ ಅನ್ನೋದನ್ನೂ ಹೇಳಬೇಕು. ಮತ್ತ ದಯವಿಟ್ಟು ಮೇಲಿನ ಮಹಡಿಯ ಹಾಲ್ ಬ್ಯಾಡ್ರಿ, ಗಾಲಿಕುರ್ಚಿ ಸಲೀಸಾಗಿ ಒಳಗ ಬರುವಂಥ ಕೆಳಗಿನ ಕೋಣೆನೇ ಆರಿಸ್ಕೊಳ್ರಿ.